ಬೇಸಿಗೆ ಅರಮನೆಯಿಂದ ತೋಟದ ಮನೆಯವರೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಕಟ್ಟಡಗಳನ್ನು ಕುರಿತ ಈ ಅಂಕಣಕ್ಕೆ ಬೇಸಿಗೆ ಕಾಲಿಟ್ಟ ಕೂಡಲೇ ಬರುವ ಪತ್ರಗಳ ಸ್ವರೂಪ ಬದಲಾಗುತ್ತದೆ. ರಜೆಯಲ್ಲಿ ನೋಡಿ ಬಂದ ಬೇಸಿಗೆ ಅರಮನೆಗಳ ಬಗ್ಗೆ ಕೆಲವರು ಕೇಳಿದರೆ, ತಮ್ಮದೇ ತೋಟದಲ್ಲಿ ಒಂದು ಪುಟ್ಟ ಮನೆ ಕಟ್ಟಿಕೊಳ್ಳುವ ಆಸೆಯಿಂದ ಇನ್ನು ಕೆಲವರು ಬರೆಯುತ್ತಾರೆ. ಈ ಸಲ ಇಂಥ ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೊಮ್ಮಕ್ಕಳನ್ನು ಕರೆದುಕೊಂಡು ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಲು ಹೋಗಿದ್ದೆ. ಎಲ್ಲವನ್ನೂ ಸುತ್ತಿ ಬಂದ ಮೇಲೆ ಚಿಕ್ಕವಳು, “ತಾತ, ಅವರು ಮಲಗುತ್ತಿದ್ದ ಕೋಣೆ ಎಲ್ಲಿ? ಅಡುಗೆಮನೆ ಎಲ್ಲಿ?” ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅದು ನಿಜಕ್ಕೂ ಅರಮನೆಯೇ? (ಓದುಗರೊಬ್ಬರು, ಮಂಡ್ಯ)

ನಿಮ್ಮ ಮೊಮ್ಮಗಳು ಆ ಕಟ್ಟಡವನ್ನು ಅನೇಕ ದೊಡ್ಡವರಿಗಿಂತ ಚೆನ್ನಾಗಿ ನೋಡಿದ್ದಾಳೆ. ಟಿಪ್ಪು ಸುಲ್ತಾನನ ವಾಸದ ಅರಮನೆ ಇದ್ದದ್ದು ಕೋಟೆಯ ಒಳಗೆ. ಲಾಲ್ ಮಹಲ್ ಎಂದು ಕರೆಯುತ್ತಿದ್ದ ಆ ಅರಮನೆಯನ್ನು 1799ರಲ್ಲಿ ಕೋಟೆ ಬ್ರಿಟಿಷರ ಕೈಸೇರಿದ ನಂತರ ಕೆಡವಿಹಾಕಲಾಯಿತು. ಇಂದು ಅಲ್ಲಿ ಅವಶೇಷಗಳಷ್ಟೇ ಉಳಿದಿವೆ. 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಇರುವುದು ಕೋಟೆಯ ಹೊರಗೆ, ಕಾವೇರಿಯ ದಂಡೆಗೆ ಹತ್ತಿರದ ತೋಟದ ನಡುವೆ. ಹೆಸರಿನ ಅರ್ಥವೇ ನೀರಿನ ಸಂಪತ್ತು. ಬಿಸಿಲಿನ ದಿನಗಳಲ್ಲಿ ಕೋಟೆಯ ಇಕ್ಕಟ್ಟಿನಿಂದ ಹೊರಬಂದು ಕುಳಿತುಕೊಳ್ಳಲು, ಬಂದವರನ್ನು ಕಾಣಲು, ಮಾತುಕತೆ ನಡೆಸಲು ಕಟ್ಟಿಸಿಕೊಂಡ ತೋಟದ ಮಂಟಪ ಅದು ಎಂದು ತಿಳಿದರೆ ಕೋಣೆಗಳು ಏಕೆ ಕಡಿಮೆ ಎಂಬುದು ಅರ್ಥವಾಗುತ್ತದೆ.

ಕಟ್ಟಿರುವ ಕ್ರಮವನ್ನು ಗಮನಿಸಿ. ಮೊದಲು ಎತ್ತರದ ಜಗತಿ, ಅದರ ಮೇಲೆ ನಾಲ್ಕೂ ದಿಕ್ಕಿಗೆ ಸುತ್ತುವ ಅಗಲವಾದ ಮೊಗಸಾಲೆ, ಅದರಾಚೆಗೆ ಗೋಡೆ. ಬಿಸಿಲು ಮೊಗಸಾಲೆಯ ಅಂಚಿನಲ್ಲೇ ತಡೆದು ನಿಲ್ಲುವುದರಿಂದ ಒಳಗೋಡೆ ಕಾಯುವುದಿಲ್ಲ. ಕಟ್ಟಡದ ಬಹುಭಾಗ ತೇಗದ ಮರದ್ದು. ಹಗಲೆಲ್ಲ ಬಿಸಿ ಹೀರಿಕೊಂಡು ರಾತ್ರಿ ಹೊರಗೆ ಬಿಡುವ ದಪ್ಪ ಕಲ್ಲಿನಂತಲ್ಲದೆ ಮರ ಸಂಜೆಯ ಗಾಳಿಗೆ ಬೇಗ ತಣಿಯುತ್ತದೆ. ನಡುಮಧ್ಯಾಹ್ನ ಕಲ್ಲಿನ ಮೆಟ್ಟಿಲ ಮೇಲೆ ಬರಿಗಾಲಿಡಲಾಗದಷ್ಟು ಬಿಸಿಯಿದ್ದಾಗಲೂ ಮೊಗಸಾಲೆಯ ಕಂಬವನ್ನು ಅಂಗೈಯಿಂದ ಮುಟ್ಟಿದರೆ ತಂಪೆನಿಸುವುದನ್ನು ನಾನು ಪ್ರತಿ ಭೇಟಿಯಲ್ಲೂ ಕಂಡಿದ್ದೇನೆ.

ಇನ್ನು ಚಿತ್ರಗಳ ಮಾತು. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗವಿದೆ. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಬ್ರಿಟಿಷ್ ಕರ್ನಲ್ ಬೇಯ್ಲಿಯ ತುಕಡಿಯನ್ನು ಸುತ್ತುವರಿದದ್ದನ್ನೂ, ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿಯನ್ನೂ ಅಲ್ಲಿ ಗುರುತಿಸಬಹುದು. ವಿಶ್ರಾಂತಿಗೆಂದು ಕಟ್ಟಿಸಿದ ಮಂಟಪದ ಗೋಡೆಗೆ ಯುದ್ಧದ ಚಿತ್ರವೇಕೆ ಎಂದು ಕೆಲವರು ಅಚ್ಚರಿಪಡುತ್ತಾರೆ. ರಾಜನನ್ನು ಕಾಣಲು ಬಂದವರು ಕಾಯುತ್ತ ನಿಲ್ಲುತ್ತಿದ್ದದ್ದು ಅದೇ ಮೊಗಸಾಲೆಯಲ್ಲಿ ಎಂಬುದನ್ನು ನೆನೆದರೆ, ಅವರ ಕಣ್ಣೆದುರಿಗೆ ಏನಿರಬೇಕು ಎಂಬ ಆಯ್ಕೆ ಆಕಸ್ಮಿಕವಾಗಿರಲಾರದು ಎಂದು ನನಗೆ ತೋರುತ್ತದೆ. ಶ್ರೀರಂಗಪಟ್ಟಣದ ಪತನದ ನಂತರ ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು, ಇದೇ ಕಟ್ಟಡದಲ್ಲಿ ಬಿಡಾರ ಹೂಡಿದ್ದನು. ಒಮ್ಮೆ ಸುಣ್ಣದಡಿ ಮುಚ್ಚಿಹೋದ ಚಿತ್ರಗಳನ್ನು ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಮತ್ತೆ ಬರೆಸಲಾಯಿತು. ಈಗ ಮೊಗಸಾಲೆಯ ಸುತ್ತ ಇಳಿಬಿಟ್ಟಿರುವ ಹಸಿರು ಪರದೆಗಳು ಬಣ್ಣವನ್ನು ಬಿಸಿಲಿನಿಂದ ಕಾಪಾಡುತ್ತವೆ, ಅದು ಅಗತ್ಯವೂ ಹೌದು. ಆದರೆ ತೋಟದತ್ತ ತೆರೆದುಕೊಂಡಿರಬೇಕಾದ ಮಂಟಪ ಪರದೆ ಹಾಕಿಕೊಂಡು ಒಳಮುಖವಾಗಿ ನಿಂತಿರುವುದರಿಂದ, ಅದು ಯಾವ ಉದ್ದೇಶಕ್ಕೆ ಹುಟ್ಟಿತೋ ಅದು ನೋಡುವವರ ಅನುಭವಕ್ಕೆ ಬರುವುದು ಕಷ್ಟ. ಮುಂದಿನ ಸಲ ಹೋದಾಗ ಮೊಮ್ಮಗಳನ್ನು ಮೊಗಸಾಲೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ, ತೋಟದ ಕಡೆಗೆ ಮುಖ ಮಾಡಿಸಿ. ಮಲಗುವ ಕೋಣೆಯ ಪ್ರಶ್ನೆಗೆ ಉತ್ತರ ಅವಳಿಗೇ ಹೊಳೆಯುತ್ತದೆ.

ಪ್ರಶ್ನೆ: ಬೆಂಗಳೂರಿನ ಕಲಾಸಿಪಾಳ್ಯದ ಬಳಿ ಇರುವುದೂ ಬೇಸಿಗೆ ಅರಮನೆಯೇ. ಸುತ್ತಲೂ ಇಷ್ಟು ಗದ್ದಲವಿರುವ ಜಾಗದಲ್ಲಿ ಯಾರಾದರೂ ವಿಶ್ರಾಂತಿಗೆ ಮನೆ ಕಟ್ಟಿಸುತ್ತಾರೆಯೇ? (ಓದುಗರೊಬ್ಬರು, ಬೆಂಗಳೂರು)

ಕಟ್ಟಿಸಿದಾಗ ಅದು ಕೋಟೆಯೊಳಗಿನ ಜಾಗ, ಎದುರಿಗೆ ಉದ್ಯಾನ. ಪಕ್ಕದ ಕೋಟೆ ವೆಂಕಟರಮಣಸ್ವಾಮಿ ದೇವಾಲಯದ ಹೆಸರಿನಲ್ಲಿ ಆ ಕೋಟೆ ಇನ್ನೂ ಉಳಿದುಕೊಂಡಿದೆ. ಹೈದರಾಲಿ 1781ರಲ್ಲಿ ಆರಂಭಿಸಿದ ಕಟ್ಟಡವನ್ನು ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದನು. ಕಲ್ಲಿನ ಪೀಠದ ಮೇಲೆ ನಿಂತ ತೇಗದ ಕಂಬಗಳು, ಎರಡು ಅಂತಸ್ತು, ಮೇಲಿನಿಂದ ಹೊರಚಾಚಿದ ಮೊಗಸಾಲೆಗಳು. ‘ಸ್ವರ್ಗಕ್ಕೂ ಅಸೂಯೆ’ ಎಂಬರ್ಥದ ರಶ್ಕ್-ಎ-ಜನ್ನತ್ ಎಂಬ ಹೆಸರು ಅದಕ್ಕಿದೆ. ಬ್ರಿಟಿಷರ ಕಾಲದಲ್ಲಿ ಅಲ್ಲೇ ಸರ್ಕಾರಿ ಕಚೇರಿ ನಡೆಯಿತು. 1868ರಲ್ಲಿ ಆ ಕಚೇರಿ ಅಠಾರಾ ಕಚೇರಿಗೆ, ಅಂದರೆ ಈಗಿನ ಹೈಕೋರ್ಟ್ ಕಟ್ಟಡಕ್ಕೆ ಸ್ಥಳಾಂತರವಾಯಿತು. ಊರು ಬೆಳೆದು ತೋಟವನ್ನು ನುಂಗಿತು, ಮನೆ ಮಾತ್ರ ನಿಂತಿದೆ. ತೋಟವಿಲ್ಲದ ಬೇಸಿಗೆ ಅರಮನೆಯನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಅದರ ಅರ್ಧ ಭಾಗ ಹೊರಗಿನ ಮರಗಳಲ್ಲೇ ಇತ್ತು.

ಪ್ರಶ್ನೆ: ನಮ್ಮ ಊರಿನಿಂದ ಹತ್ತಿರವೇ ಇರುವ ಕುಮಟಗಿಯಲ್ಲಿ ಆದಿಲ್‌ಶಾಹಿಗಳು ಕೆರೆಯ ನಡುವೆ ಮಹಲು ಕಟ್ಟಿಸಿದ್ದಾರೆ. ನೀರಿನಿಂದ ಮನೆ ನಿಜಕ್ಕೂ ತಂಪಾಗುತ್ತದೆಯೇ, ಅಥವಾ ಅದು ಬರಿಯ ವೈಭವವೇ? ಇಂದಿನ ಮನೆಗೆ ಅದನ್ನು ಅಳವಡಿಸಬಹುದೇ? (ಓದುಗರೊಬ್ಬರು, ವಿಜಯಪುರ)

ತಂಪಾಗುತ್ತದೆ, ಅದರಲ್ಲೂ ನಿಮ್ಮ ಜಿಲ್ಲೆಯಲ್ಲಿ ಚೆನ್ನಾಗಿಯೇ ಆಗುತ್ತದೆ. ನೀರು ಆವಿಯಾಗುವಾಗ ಸುತ್ತಲಿನ ಗಾಳಿಯಿಂದ ಶಾಖವನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ಕಾರಣಕ್ಕೆ. ಗಾಳಿ ಒಣಗಿದ್ದಷ್ಟೂ ಈ ಕೆಲಸ ಚುರುಕಾಗಿ ನಡೆಯುತ್ತದೆ. ಏಪ್ರಿಲ್‌ನ ವಿಜಯಪುರದಲ್ಲಿ ಒದ್ದೆ ಬಟ್ಟೆ ಎಷ್ಟು ಬೇಗ ಒಣಗುತ್ತದೆ ಎಂಬುದು ನಿಮಗೇ ಗೊತ್ತಿದೆ. ವಿಜಯಪುರದಿಂದ ಸಿಂದಗಿಯ ದಾರಿಯಲ್ಲಿ ಸುಮಾರು 20 ಕಿಲೋಮೀಟರ್ ದೂರದ ಕುಮಟಗಿಯಲ್ಲಿ ಕಟ್ಟಿದವರು ಈ ಗುಣವನ್ನು ಪೂರ್ತಿಯಾಗಿ ಬಳಸಿಕೊಂಡಿದ್ದಾರೆ. ನೀರನ್ನು ಎತ್ತರದ ಗೋಪುರಗಳಿಗೆ ಏರಿಸಿ, ಅಲ್ಲಿಂದ ಕೊಳವೆಗಳ ಮೂಲಕ ಇಳಿಸಿ, ಕಟ್ಟಡದ ಒಳಗೆ ತುಂತುರಾಗಿ ಬೀಳುವಂತೆ ಮಾಡಿದ್ದರು. ನಮ್ಮ ಹಳೆಯ ಕಾವ್ಯಗಳನ್ನು ಓದಿದವರಿಗೆ ಧಾರಾಗೃಹ ಎಂಬ ಮಾತು ಪರಿಚಿತ; ಅದನ್ನು ಕಲ್ಲು ಗಾರೆಯಲ್ಲಿ ಕಣ್ಣಾರೆ ಕಾಣಬೇಕೆಂದರೆ ಕುಮಟಗಿಗೇ ಹೋಗಬೇಕು. ಅಲ್ಲಿಯ ಗೋಡೆಗಳ ಮೇಲೆ ಕುದುರೆಯೇರಿ ಪೋಲೋ ಆಡುವವರ ಮತ್ತು ಕುಸ್ತಿಯಾಡುವವರ ಚಿತ್ರಗಳ ಕುರುಹುಗಳಿವೆ. ಅವು ಮಾಸುತ್ತಿವೆ, ನೋಡಬೇಕೆನ್ನುವವರು ತಡಮಾಡಬಾರದು.

ಇಂದಿನ ಮನೆಗೆ ಕೆರೆ ಬೇಕಾಗಿಲ್ಲ. ಗಾಳಿ ಒಳಬರುವ ಕಿಟಕಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ, ದಿನಕ್ಕೆ ನಾಲ್ಕಾರು ಸಲ ನೀರು ಚಿಮುಕಿಸಿದರೆ ಸಾಕು. ಎದುರು ಗೋಡೆಯಲ್ಲಿ ಗಾಳಿ ಹೊರಹೋಗಲು ದಾರಿ ಇರಲೇಬೇಕು, ಇಲ್ಲದಿದ್ದರೆ ಕೋಣೆಯಲ್ಲಿ ತೇವ ತುಂಬಿ ಸೆಕೆ ಹೆಚ್ಚುತ್ತದೆ. ಇದೇ ಉಪಾಯವನ್ನು ಮಂಗಳೂರಿನಲ್ಲೋ ಕಾರವಾರದಲ್ಲೋ ಮಾಡಲು ಹೋಗಬೇಡಿ. ಕಡಲತೀರದ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ನೀರು ಆವಿಯಾಗುವುದಿಲ್ಲ, ಮೈ ಅಂಟುವುದಷ್ಟೇ ಉಳಿಯುತ್ತದೆ. ಅಲ್ಲಿ ಬೇಕಾದದ್ದು ಬೀಸುವ ಗಾಳಿ, ಎತ್ತರದ ಮಾಡು (ಛಾವಣಿ), ದೊಡ್ಡ ಜಗಲಿ.

ಪ್ರಶ್ನೆ: ತೋಟದ ಮಂಟಪಗಳಿಂದ ಬೆಟ್ಟದ ಬಂಗಲೆಗಳಿಗೆ ಜನ ಹೊರಳಿದ್ದು ಯಾವಾಗ? ನಂದಿಬೆಟ್ಟದಲ್ಲೂ ಟಿಪ್ಪುವಿನ ಮನೆಯಿದೆಯಲ್ಲ? (ಓದುಗರೊಬ್ಬರು, ಚಿಕ್ಕಬಳ್ಳಾಪುರ)

ಇದೆ, ಹಾಗಾಗಿ ಬೆಟ್ಟದ ರುಚಿಯನ್ನು ನಮಗೆ ಬ್ರಿಟಿಷರೇ ಕಲಿಸಿದರು ಎನ್ನುವುದು ಸರಿಯಾಗಲಾರದು. ಆದರೆ ಇಡೀ ಋತುವನ್ನು ಬೆಟ್ಟದ ಮೇಲೆ ಕಳೆಯುವ ವಾಡಿಕೆ ಬಲವಾದದ್ದು ಅವರ ಕಾಲದಲ್ಲಿ. ಲೆಕ್ಕ ಸರಳ: ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ನಂದಿಬೆಟ್ಟದ ಎತ್ತರ 1,478 ಮೀಟರ್; ಬೆಂಗಳೂರಿಗಿಂತ ಮೂರು ನಾಲ್ಕು ಡಿಗ್ರಿಯಷ್ಟು ತಂಪು. ಮೈಸೂರಿನಿಂದ ಊಟಿಗೆ ಹೋದರೆ ಈ ವ್ಯತ್ಯಾಸ ಒಂಬತ್ತು ಹತ್ತು ಡಿಗ್ರಿಗೆ ಏರುತ್ತದೆ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ನಂದಿಯ ಮೇಲೆ ಬೇಸಿಗೆಗೆಂದು ಮನೆ ಕಟ್ಟಿಸಿಕೊಂಡನು. 1864ರಲ್ಲಿ ಶಿಮ್ಲಾ ಇಡೀ ದೇಶದ ಸರ್ಕಾರಕ್ಕೆ ಬೇಸಿಗೆ ರಾಜಧಾನಿಯಾಯಿತು. ಮೈಸೂರು ಮಹಾರಾಜರು 1873ರಲ್ಲಿ ಊಟಿಯ ಫರ್ನ್‌ಹಿಲ್ ಬಂಗಲೆಯನ್ನು ಕೊಂಡು ಬೇಸಿಗೆ ಅರಮನೆ ಮಾಡಿಕೊಂಡರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯನ್ನು ಬೇಸಿಗೆಯ ಬಿಡಾರಕ್ಕೆ ಆರಿಸಿಕೊಂಡರು.

ಈ ಬೆಟ್ಟದ ಮನೆಗಳ ಪೈಕಿ ನನ್ನ ಮನಸ್ಸಿಗೆ ಹತ್ತಿರವಾದದ್ದು ನಂದಿಯ ಒಂದು ನೆನಪು. 1927ರಲ್ಲಿ ಪ್ರವಾಸದ ನಡುವೆ ಕಾಯಿಲೆಬಿದ್ದ ಗಾಂಧೀಜಿ ಚೇತರಿಸಿಕೊಳ್ಳಲು ನಂದಿಬೆಟ್ಟಕ್ಕೆ ಬಂದು ಕೆಲವು ವಾರ ಉಳಿದರು, 1936ರಲ್ಲಿ ಮತ್ತೆ ಬಂದರು. ಅಧಿಕಾರಿಯ ಸುಖಕ್ಕೆಂದು ಕಟ್ಟಿಸಿದ ಜಾಗ ಹೀಗೆ ಒಬ್ಬ ದಣಿದ ಮನುಷ್ಯನ ಆರೈಕೆಗೂ ಒದಗಿತು. ಇದರ ಜೊತೆಗೆ ಮರೆಯಬಾರದ ಇನ್ನೊಂದು ವಿಷಯವಿದೆ: ಮೋಟಾರು ರಸ್ತೆಗಳು ಬರುವ ಮೊದಲು ಈ ಬಂಗಲೆಗಳ ಪೀಠೋಪಕರಣ, ಪಾತ್ರೆ, ಕಡತದ ಪೆಟ್ಟಿಗೆ ಎಲ್ಲವೂ ಮೇಲೇರುತ್ತಿದ್ದದ್ದು ಹಮಾಲಿಗಳ ತಲೆ ಮತ್ತು ಬೆನ್ನಿನ ಮೇಲೆ, ಪ್ರಾಣಿಗಳ ಬೆನ್ನಿನ ಮೇಲೆ. ಆ ಮನೆಗಳ ಚರಿತ್ರೆಯನ್ನು ಬರೆಯುವವರು ಅವರನ್ನೂ ಬರೆಯಬೇಕು.

ಪ್ರಶ್ನೆ: ಅಡಿಕೆ ತೋಟದ ಪಕ್ಕದ ದಿಬ್ಬದಲ್ಲಿ ನಮಗೆ ಸ್ವಲ್ಪ ಜಾಗವಿದೆ. ನಾವು ಊರಿಗೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ. ಆ ಎರಡು ತಿಂಗಳಿಗೆ ತಕ್ಕ ಚಿಕ್ಕ ಮನೆ ಕಟ್ಟಬೇಕೆಂದಿದ್ದೇವೆ. ಉಳಿದ ಹತ್ತು ತಿಂಗಳು ಅದು ಮುಚ್ಚಿರುತ್ತದೆ. ಯಾವುದಕ್ಕೆ ಗಮನ ಕೊಡಬೇಕು? (ಓದುಗರೊಬ್ಬರು, ಸಾಗರ)

ನೀವು ಎರಡು ತಿಂಗಳಿಗಾಗಿ ಕಟ್ಟಿದರೂ ಮನೆ ಬದುಕಬೇಕಾದದ್ದು ಹನ್ನೆರಡು ತಿಂಗಳು. ಆದ್ದರಿಂದ ಮಳೆಗಾಲವನ್ನು ಮುಂದಿಟ್ಟುಕೊಂಡು ಯೋಚಿಸಿ, ಬೇಸಿಗೆಗೆ ಬೇಕಾದ ತಂಪು ಅದರ ಜೊತೆಯಲ್ಲೇ ಬರುತ್ತದೆ.

ಮೊದಲು ಮಾಡಿನ ವಿಚಾರ. ನಿಮ್ಮ ಊರಿನ ಅಕ್ಷಾಂಶ ಸುಮಾರು 14 ಡಿಗ್ರಿ. ಅಂದರೆ ಏಪ್ರಿಲ್ ಕೊನೆಯ ವಾರದಲ್ಲಿ, ನೀವು ಮನೆಯಲ್ಲಿರುವ ಹೊತ್ತಿಗೇ, ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ ಮತ್ತು ಅಂಗಳದ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಆ ಹೊತ್ತಿನ ಬಿಸಿಲನ್ನು ತಡೆಯುವುದು ಗೋಡೆಯಲ್ಲ, ಮಾಡು. ಕಾಂಕ್ರೀಟ್ ತಾರಸಿ ಹಗಲು ಕಾದು ರಾತ್ರಿಯಿಡೀ ಆ ಬಿಸಿಯನ್ನು ಹಾಸಿಗೆಯ ಮೇಲೆ ಸುರಿಯುತ್ತದೆ. ಹೆಂಚಿನ ಮಾಡು, ಅದರಡಿಯಲ್ಲಿ ಹಲಗೆಯ ಅಟ್ಟ, ಎರಡರ ನಡುವಿನ ಬಿಸಿಗಾಳಿ ಹೊರಗೆ ಹೋಗಲು ಎರಡೂ ತುದಿಗೆ ಜಾಲರಿ: ಇಷ್ಟಿದ್ದರೆ ಮಧ್ಯಾಹ್ನದ ನಿದ್ರೆಗೆ ಫ್ಯಾನು ಸಾಕಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಕರಾವಳಿ ಮತ್ತು ಮಲೆನಾಡು ಈ ಮಾಡನ್ನು ನೆಚ್ಚಿಕೊಂಡು ಬಂದಿವೆ. ಇಳಿಜಾರು 30 ಡಿಗ್ರಿಗೆ ಕಡಿಮೆಯಾಗದಿರಲಿ, ಸೂರು ಗೋಡೆಯಿಂದ ಮೂರಡಿಯಾದರೂ ಮುಂದೆ ಚಾಚಿರಲಿ.

ಎರಡನೆಯದಾಗಿ ದಿಕ್ಕು. ಮಳೆಯೂ ಇಳಿಹೊತ್ತಿನ ಬಿಸಿಲೂ ಬರುವುದು ಪಡುವಣದ ಕಡೆಯಿಂದ. ಆ ಬದಿಯಲ್ಲಿ ಉಗ್ರಾಣ, ಬಚ್ಚಲು ಇಟ್ಟು, ಕಿಟಕಿಗಳನ್ನು ಚಿಕ್ಕದು ಮಾಡಿ. ಜಗಲಿಯನ್ನು ಮೂಡಣಕ್ಕೋ ಬಡಗಣಕ್ಕೋ ತೆರೆಯಿರಿ. ಮಳೆಗಾಲಕ್ಕೆ ಮುಂಚೆ ಪಡುವಣದ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವ ನಿಮ್ಮ ಸೀಮೆಯ ಹಳೆಯ ರೂಢಿಯನ್ನು ಬಿಡಬೇಡಿ. ಇರಚಲು ತಡೆಯಲು ಅದಕ್ಕಿಂತ ಅಗ್ಗವಾದ, ಕೆಲಸ ಮುಗಿದ ಮೇಲೆ ಗೊಬ್ಬರದ ಗುಂಡಿಗೂ ಹೋಗುವ ವಸ್ತು ಇನ್ನೊಂದಿಲ್ಲ.

ಗೋಡೆಯ ಬಗ್ಗೆ ನಮ್ಮ ಮನೆತನದ ಅನುಭವವನ್ನೇ ಹೇಳುತ್ತೇನೆ. ನನ್ನ ಸೋದರಮಾವನ ತೋಟದ ಮನೆಯ ಹಳೆಯ ಜಂಬಿಟ್ಟಿಗೆ ಗೋಡೆಗೆ, ಗುತ್ತಿಗೆದಾರರೊಬ್ಬರ ಮಾತಿನ ಮೇಲೆ, ಒಳಗೂ ಹೊರಗೂ ಸಿಮೆಂಟಿನ ಗಿಲಾವು ಮಾಡಿಸಲಾಯಿತು. ಎರಡನೆಯ ಮಳೆಗಾಲ ಮುಗಿದು ನಾವು ಬಾಗಿಲು ತೆರೆದಾಗ ಮುಖಕ್ಕೆ ಹೊಡೆದದ್ದು ಬೂಷ್ಟಿನ ವಾಸನೆ. ಮೊಣಕಾಲೆತ್ತರದವರೆಗೆ ಬಣ್ಣ ಹಕ್ಕಳೆಯೆದ್ದಿತ್ತು. ಬೆರಳಿನಿಂದ ಒತ್ತಿದರೆ ಗಿಲಾವು ಟೊಳ್ಳಾಗಿ ಸದ್ದು ಮಾಡುತ್ತಿತ್ತು. ಅತ್ತೆಯ ಕಪಾಟಿನಲ್ಲಿದ್ದ ರೇಷ್ಮೆ ಸೀರೆಗಳ ಮಡಿಕೆಗಳಲ್ಲಿ ಬಿಳಿಯ ಬೂಷ್ಟು ಗೆರೆ ಎಳೆದಿತ್ತು. ಜಂಬಿಟ್ಟಿಗೆ ಸಣ್ಣ ಸಣ್ಣ ರಂಧ್ರಗಳ ಕಲ್ಲು. ಅದು ನೆಲದಿಂದ ತೇವವನ್ನು ಎಳೆಯುತ್ತದೆ, ಬಿಸಿಲು ಬಿದ್ದಾಗ ಹೊರಗೆ ಬಿಡುತ್ತದೆ. ಸಿಮೆಂಟು ಆ ಉಸಿರಾಟವನ್ನು ಕಟ್ಟಿಹಾಕಿತು. ಕೊನೆಗೆ ಎಲ್ಲವನ್ನೂ ಕೆತ್ತಿ ತೆಗೆದು ಸುಣ್ಣದ ಗಾರೆ ಮಾಡಿಸಿದ ಮೇಲೆ ಗೋಡೆ ಒಣಗಲು ಇನ್ನೊಂದು ಪೂರ್ತಿ ಬೇಸಿಗೆ ಹಿಡಿಯಿತು. ನಿಮ್ಮಲ್ಲಿ ಹೊಸ ಗೋಡೆಯಾದ್ದರಿಂದ ಅಡಿಪಾಯದ ಮೇಲೆ ತೇವ ತಡೆಯುವ ಪದರ ಹಾಕಿಸಿ, ಗಿಲಾವಿಗೆ ಸುಣ್ಣವನ್ನೇ ಬಳಸಿ, ಅಥವಾ ಕಲ್ಲನ್ನು ಹಾಗೆಯೇ ಬಿಡಿ.

ಗೆದ್ದಲಿನ ಕಾಟಕ್ಕೆ ಮೊದಲ ಮದ್ದು, ಮರವನ್ನು ಮಣ್ಣಿಗೆ ತಾಗಿಸದಿರುವುದು. ಪ್ರತಿ ಕಂಬದ ಕೆಳಗೆ ಒಂದಡಿಯಾದರೂ ಎತ್ತರದ ಕಲ್ಲಿನ ಪೀಠವಿರಲಿ. ಗೆದ್ದಲು ಕಲ್ಲಿನ ಮೇಲೂ ಮಣ್ಣಿನ ಗೆರೆ ಕಟ್ಟಿಕೊಂಡು ಏರುತ್ತದೆ, ಆದರೆ ಆ ಗೆರೆ ಕಣ್ಣಿಗೆ ಕಾಣುವುದರಿಂದ ಕೂಡಲೇ ಕೆರೆದು ತೆಗೆಯಬಹುದು.

ಇವೆಲ್ಲಕ್ಕಿಂತ ದೊಡ್ಡ ಮಾತು, ಮನೆಯನ್ನು ಹತ್ತು ತಿಂಗಳು ಸಂಪೂರ್ಣವಾಗಿ ಮುಚ್ಚಬೇಡಿ. ಹತ್ತಿರದಲ್ಲಿರುವ ನಂಬಿಕಸ್ಥರಿಗೆ ತಕ್ಕ ಸಂಬಳ ಗೊತ್ತುಮಾಡಿ ಬೀಗದ ಕೈ ಕೊಡಿ. ಮಳೆ ಹೊಳವಾದ ದಿನ ನೋಡಿ ಹದಿನೈದು ದಿನಕ್ಕೊಮ್ಮೆ ಅವರು ಕಿಟಕಿ ತೆರೆದು, ಮಾಡಿನ ಸಂದಿನಲ್ಲಿ ಸಿಕ್ಕಿದ ಎಲೆ ತೆಗೆದು, ಜಾರಿದ ಹೆಂಚನ್ನು ಸರಿಸಿ, ಒಲೆಯಲ್ಲಿ ಒಂದು ಗಂಟೆ ಬೆಂಕಿ ಹಾಕಬೇಕು. ಹಳೆಯ ಮನೆಗಳಲ್ಲಿ ಹೆಂಚು ಹೊರುವ ಮರದ ಪಕಾಸಿ ಮತ್ತು ರೀಪುಗಳು ಹೊಗೆ ಕುಡಿದು ಕಪ್ಪಾಗಿಯೇ ಗಟ್ಟಿಯಾಗಿ ಉಳಿದದ್ದನ್ನು ನೀವು ನೋಡಿರುತ್ತೀರಿ. ಹಾಸಿಗೆಗಳನ್ನು ಅಟ್ಟಕ್ಕೆ ಏರಿಸಿ, ಕಪಾಟುಗಳ ಬಾಗಿಲನ್ನು ಬೆರಳಷ್ಟು ತೆರೆದಿಟ್ಟು, ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಿ ಹೊರಡಿ. ನಿಮ್ಮ ಜಾಗ ಕೃಷಿ ಜಮೀನಾಗಿದ್ದರೆ ಕೆಲಸ ಆರಂಭಿಸುವ ಮೊದಲೇ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಸ್ವಂತ ಬಳಕೆಯ ತೋಟದ ಮನೆಗೂ ಬಾಡಿಗೆಗೆ ಅತಿಥಿಗಳನ್ನು ಇಳಿಸುವ ಮನೆಗೂ ನಿಯಮ ಒಂದೇ ಅಲ್ಲ.

ಪ್ರಶ್ನೆ: ನಾವು ಸ್ವೀಡನ್ನಿನಲ್ಲಿ ನೆಲೆಸಿದ್ದೇವೆ. ಇಲ್ಲಿ ಎಲ್ಲರೂ ‘ಸೊಮ್ಮರ್‌ಸ್ಟೂಗ’ ಎಂಬ ಬೇಸಿಗೆ ಮನೆಯ ಮಾತಾಡುತ್ತಾರೆ. ಈ ವರ್ಷ ನಾವೂ ಒಂದನ್ನು ಕೊಂಡಿದ್ದೇವೆ. ಊರಿನಲ್ಲಿರುವ ಅಮ್ಮನಿಗೆ ಇದನ್ನು ಕನ್ನಡದಲ್ಲಿ ಏನೆಂದು ಹೇಳಲಿ? (ಓದುಗರೊಬ್ಬರು, ಉಪ್ಸಾಲ)

ತೋಟದ ಮನೆ ಎಂದೇ ಹೇಳಿ, ಅಮ್ಮನಿಗೆ ಅರ್ಥವಾಗುತ್ತದೆ. ಒಂದು ಭೇದವನ್ನು ಮಾತ್ರ ಬಿಡಿಸಿ ಹೇಳಬೇಕು: ನಮ್ಮವರು ಬೇಸಿಗೆ ಮನೆ ಕಟ್ಟಿದ್ದು ಬಿಸಿಲಿನಿಂದ ತಪ್ಪಿಸಿಕೊಳ್ಳಲು, ಅಲ್ಲಿಯವರು ಕಟ್ಟುವುದು ವರ್ಷದಲ್ಲಿ ಕೆಲವೇ ವಾರ ಸಿಗುವ ಬಿಸಿಲನ್ನು ಪೂರ್ತಿ ಅನುಭವಿಸಲು. ಹಾಗಾಗಿ ನಮ್ಮ ಜಗಲಿಗೆ ಆಳವಾದ ಸೂರು, ಅಲ್ಲಿಯ ಜಗಲಿಗೆ ಗಾಜು. ನನಗೆ ಹೆಚ್ಚು ಮೆಚ್ಚಿಗೆಯಾಗಿರುವುದು ಇನ್ನೊಂದು ವಿಷಯ. ನಮ್ಮಲ್ಲಿ ಬೇಸಿಗೆ ಮನೆ ಎಂಬ ಮಾತು ಬಹುಕಾಲ ಅರಸರಿಗೆ, ಅಧಿಕಾರಿಗಳಿಗೆ, ತೋಟದ ಒಡೆಯರಿಗೆ ಸೇರಿದ್ದಾಗಿತ್ತು. ಸ್ವೀಡನ್ನಿನಲ್ಲಿ 1938ರ ಕಾನೂನು ದುಡಿಯುವವರೆಲ್ಲರಿಗೂ ಎರಡು ವಾರದ ಸಂಬಳಸಹಿತ ರಜೆಯನ್ನು ಕೊಟ್ಟಿತು. ಕಾರ್ಖಾನೆಯ ಕೆಲಸಗಾರರೂ ಊರಾಚೆ ಪುಟ್ಟ ಮರದ ಮನೆಯೊಂದನ್ನು ಹೊಂದುವುದು ಆ ನಂತರದ ದಶಕಗಳಲ್ಲಿ ಸಾಮಾನ್ಯವಾಯಿತು. ಇಂದು ಅಲ್ಲಿ ಇಂಥ ಮನೆಗಳು 6 ಲಕ್ಷದ ಆಸುಪಾಸಿನಲ್ಲಿವೆ. ನಿಮ್ಮ ಮನೆಯ ಹೊರಗೋಡೆ ಕಡುಗೆಂಪಾಗಿದ್ದರೆ ಅದು ಬಹುಶಃ ಫಾಲುನ್ ಪಟ್ಟಣದ ತಾಮ್ರದ ಗಣಿಯ ಮಣ್ಣಿನಿಂದ ಮಾಡುವ ಬಣ್ಣ. ಮರ ಅದರಡಿಯಲ್ಲಿ ಉಸಿರಾಡುತ್ತದೆ, ನಮ್ಮ ಸುಣ್ಣದ ಗಾರೆಯಡಿ ಜಂಬಿಟ್ಟಿಗೆ ಉಸಿರಾಡುವಂತೆಯೇ. ಮೇಲೆ ಪ್ಲಾಸ್ಟಿಕ್ಕಿನಂಥ ಹೊಳಪಿನ ಬಣ್ಣ ಬಳಿಯಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ.

ಸಾಗರದ ಓದುಗರಿಗೆ ಮಳೆಗಾಲ ಇರುವಂತೆ ನಿಮಗೆ ಚಳಿಗಾಲವಿದೆ. ಹಿಮ ಬೀಳುವ ಮೊದಲು ಮನೆಯ ನೀರಿನ ಮುಖ್ಯ ನಲ್ಲಿಯನ್ನು ಮುಚ್ಚಿ, ಉಳಿದ ಎಲ್ಲ ನಲ್ಲಿಗಳನ್ನೂ ತೆರೆದು ಕೊಳವೆಗಳಲ್ಲಿ ಒಂದು ಹನಿಯೂ ಉಳಿಯದಂತೆ ಖಾಲಿಮಾಡಿ. ನೀರು ಹೆಪ್ಪುಗಟ್ಟಿದಾಗ ಹಿಗ್ಗಿ ಕೊಳವೆಯನ್ನು ಸೀಳುತ್ತದೆ, ಅದು ಗೊತ್ತಾಗುವುದು ವಸಂತದಲ್ಲಿ ನೆಲವೆಲ್ಲ ನೆನೆದ ಮೇಲೆ. ಬಿಸಿನೀರಿನ ಹಂಡೆಯನ್ನೂ ಶೌಚಾಲಯದ ತೊಟ್ಟಿಯನ್ನೂ ಬರಿದುಮಾಡಲು ಮರೆಯಬೇಡಿ. ನೆರೆಯ ಮನೆಯ ಹಿರಿಯರು ಬಾಗಿಲು ಹಾಕುವ ದಿನ ಅವರ ಜೊತೆ ಒಂದು ಸಲ ನಿಂತು ನೋಡಿದರೆ ಯಾವುದರ ನಂತರ ಯಾವುದು ಎಂಬ ಕ್ರಮ ಪೂರ್ತಿ ತಿಳಿಯುತ್ತದೆ.